ಹೊಸ ಧೂಮಕೇತು ಬರಿಗಣ್ಣಿಗೆ ಕಂಡೀತೆ? ತಾರೀಖನ್ನು ನಂಬಿ, ಕಾಂತಿಯನ್ನು ಕಾದು ನೋಡಿ

ಪ್ರಶ್ನೆ: ಹೊಸದಾಗಿ ಪತ್ತೆಯಾದ ಧೂಮಕೇತುವೊಂದು ಮುಂದಿನ ವರ್ಷ ಬರಿಗಣ್ಣಿಗೇ ಕಾಣುತ್ತದೆ, ಶುಕ್ರನಷ್ಟು ಬೆಳಗಲೂಬಹುದು ಎಂದು ಒಂದು ಕಡೆ ಓದಿದೆ. ಸೂರ್ಯನ ಹತ್ತಿರ ಹೋಗುವ ಮೊದಲೇ ಅದು ಪುಡಿಯಾಗಬಹುದು ಎಂದು ಇನ್ನೊಂದು ಕಡೆ ಇದೆ. ಯಾವುದನ್ನು ನಂಬುವುದು? ನಾನಿರುವುದು ತುಮಕೂರು. ಒಂದು 10×50 ಬೈನಾಕ್ಯುಲರ್, ಒಂದು ಹಳೆಯ ಡಿಎಸ್‌ಎಲ್‌ಆರ್ ಇವೆ. ಟೆಲಿಸ್ಕೋಪ್ ಕೊಳ್ಳಬೇಕೆ? ಈಗಿನಿಂದ ಏನೇನು ತಯಾರಿ ಮಾಡಿಕೊಳ್ಳಲಿ?

ಉತ್ತರ: ನೀವು ಓದಿದ ಎರಡೂ ಮಾತನ್ನು ಬಲ್ಲವರೇ ಹೇಳಿರಬಹುದು. ಧೂಮಕೇತುವಿನ ಮುನ್ಸೂಚನೆಯಲ್ಲಿ ಎರಡು ಬೇರೆ ಬೇರೆ ಲೆಕ್ಕಗಳಿರುತ್ತವೆ. ಅದು ಯಾವ ದಿನ ಆಕಾಶದಲ್ಲಿ ಎಲ್ಲಿರುತ್ತದೆ ಎಂಬುದು ಮೊದಲನೆಯದು. ಇದು ಗುರುತ್ವದ ಲೆಕ್ಕ. ಕೆಲವು ತಿಂಗಳ ವೀಕ್ಷಣೆ ಸಿಕ್ಕಿದ ಮೇಲೆ ಇದರಲ್ಲಿ ಉಳಿಯುವ ತಪ್ಪು ನಿಮ್ಮ ಬೈನಾಕ್ಯುಲರಿನಲ್ಲಿ ಕಾಣದಷ್ಟು ಚಿಕ್ಕದು. ಆ ದಿನ ಅದು ಎಷ್ಟು ಬೆಳಗಿರುತ್ತದೆ ಎಂಬುದು ಎರಡನೆಯ ಲೆಕ್ಕ. ಇದು ಒಂದು ಮಂಜುಗಡ್ಡೆ-ದೂಳಿನ ಉಂಡೆಯ ಒಳಗೆ ಏನಿದೆ ಎಂದು ಹೊರಗಿನಿಂದ ಊಹಿಸುವ ಲೆಕ್ಕ. ಸುದ್ದಿಯಲ್ಲಿ ಎರಡನ್ನೂ ಒಂದೇ ವಾಕ್ಯಕ್ಕೆ ಸೇರಿಸಿಬಿಡುವುದರಿಂದ ಎರಡಕ್ಕೂ ಸಮಾನ ಖಚಿತತೆ ಇದ್ದಂತೆ ಕಾಣುತ್ತದೆ. ನಿಮ್ಮ ತಯಾರಿಯನ್ನೆಲ್ಲ ಮೊದಲನೆಯದರ ಮೇಲೆ ಕಟ್ಟಿ. ಎರಡನೆಯದನ್ನು ವಾರವಾರವೂ ತಿದ್ದಿಕೊಳ್ಳುತ್ತಾ ಹೋಗಿ.

ಹಿಂದೆ ಇಷ್ಟು ದೀರ್ಘ ನಿರೀಕ್ಷೆಗೆ ಅವಕಾಶವೇ ಇರಲಿಲ್ಲ. ಜಪಾನಿನ ಹವ್ಯಾಸಿ ಯುಜಿ ಹ್ಯಾಕುಟಾಕೆ 1996ರ ಜನವರಿ ಕೊನೆಯಲ್ಲಿ 25×150 ಬೈನಾಕ್ಯುಲರಿನಲ್ಲಿ ಕಂಡ ಧೂಮಕೇತು ಮಾರ್ಚ್ 25ಕ್ಕೆಲ್ಲ ಭೂಮಿಯ ಹತ್ತಿರ, ಕೇವಲ 0.10 ಖಗೋಳಮಾನ ದೂರದಲ್ಲಿತ್ತು. (ಒಂದು ಖಗೋಳಮಾನ ಎಂದರೆ ಭೂಮಿ-ಸೂರ್ಯರ ಸರಾಸರಿ ದೂರ, ಸುಮಾರು 15 ಕೋಟಿ ಕಿಲೋಮೀಟರ್.) ಈಗ ಸ್ವಯಂಚಾಲಿತ ಸಮೀಕ್ಷೆಗಳು ಗುರುಗ್ರಹದ ಆಚೆಯೇ ಇವನ್ನು ಹಿಡಿಯುತ್ತವೆ. ಅಷ್ಟು ದೂರದ ಮಸುಕು ಚುಕ್ಕೆಯಿಂದ ಒಂದೂವರೆ ವರ್ಷದ ನಂತರದ ವೈಭವವನ್ನು ಅಳೆಯಲು ಹೊರಡುವುದರಿಂದ ತೊಂದರೆ ಶುರುವಾಗುತ್ತದೆ.

ಹತ್ತಿರದ ಉದಾಹರಣೆ ಸಿ/2023 ಎ3 ತ್ಸುಚಿನ್‌ಶಾನ್-ಅಟ್ಲಾಸ್. ಹೆಸರಿನಲ್ಲೇ ಮಾಹಿತಿ ಇದೆ: ‘ಸಿ’ ಎಂದರೆ ದೀರ್ಘಾವಧಿಯದು, ‘ಎ’ ಎಂದರೆ ಜನವರಿಯ ಮೊದಲರ್ಧದಲ್ಲಿ ಸಿಕ್ಕಿದ್ದು, ‘3’ ಎಂದರೆ ಆ ಅರ್ಧ ತಿಂಗಳಿನ ಮೂರನೆಯದು. ಚೀನಾದ ಪರ್ಪಲ್ ಮೌಂಟನ್ ವೀಕ್ಷಣಾಲಯದವರು 2023ರ ಜನವರಿ 9ರಂದು ಕಂಡರು. ಮತ್ತೆ ಯಾರೂ ನೋಡದೆ ಅದು ಕಳೆದುಹೋದ ಪಟ್ಟಿಗೆ ಸೇರಿತು. ಫೆಬ್ರವರಿ 22ರಂದು ದಕ್ಷಿಣ ಆಫ್ರಿಕಾದ ಅಟ್ಲಾಸ್ ದೂರದರ್ಶಕಕ್ಕೆ ಮತ್ತೆ ಸಿಕ್ಕಿತು. ಆಗ ಅದು ಸೂರ್ಯನಿಂದ 7 ಖಗೋಳಮಾನಕ್ಕೂ ಹೆಚ್ಚು ದೂರದಲ್ಲಿ, ಸುಮಾರು 18ನೇ ಕಾಂತಿಮಾನದಲ್ಲಿತ್ತು. (ಕಾಂತಿಮಾನ ಎಂದರೆ ಹೊಳಪಿನ ಅಳತೆ; ಅಂಕಿ ದೊಡ್ಡದಾದಷ್ಟೂ ವಸ್ತು ಮಸುಕು.) 2024ರ ಸೆಪ್ಟೆಂಬರ್ 27ರಂದು ಸೂರ್ಯನಿಗೆ 0.39 ಖಗೋಳಮಾನದಷ್ಟು ಹತ್ತಿರ ಬರುತ್ತದೆ, ಅಕ್ಟೋಬರ್ 12ರಂದು ಭೂಮಿಗೆ 0.47ರಷ್ಟು ಹತ್ತಿರ ಬರುತ್ತದೆ ಎಂಬ ಲೆಕ್ಕ ಬಹಳ ಮೊದಲೇ ನಿಂತಿತ್ತು. ಅದು ಕದಲಲಿಲ್ಲ. ಕಾಂತಿಯ ವಿಷಯ ಹಾಗಿರಲಿಲ್ಲ. 2024ರ ಜುಲೈಯಲ್ಲಿ, ಧೂಮಕೇತುಗಳನ್ನು ದಶಕಗಳಿಂದ ಅಭ್ಯಸಿಸಿದ ಜ್ಡೆನೆಕ್ ಸೆಕಾನಿನಾ ಅದು ಒಡೆಯುತ್ತಿದೆ, ಉಳಿಯುವುದಿಲ್ಲ ಎಂದು ಕಾರಣ ಸಹಿತ ಬರೆದರು. ಆದರೂ ಅದು ಉಳಿಯಿತು. ಸೆಪ್ಟೆಂಬರ್ ಕೊನೆಯಲ್ಲಿ ಬೆಂಗಳೂರಿನ ಮುಂಜಾವದ ಆಕಾಶದಿಂದಲೂ ಅದರ ಚಿತ್ರಗಳು ಬಂದವು.

ಕಾಂತಿಮಾನದ ಲೆಕ್ಕ ಎಲ್ಲಿ ಜಾರುತ್ತದೆ ಎಂಬುದನ್ನು ಒಮ್ಮೆ ಕಾಗದದ ಮೇಲೆ ಮಾಡಿ ನೋಡಿದರೆ, ಮುಂದೆ ಯಾವ ಸುದ್ದಿ ಬಂದರೂ ನೀವೇ ತೂಗಬಹುದು. ಎಲ್ಲರೂ ಬಳಸುವ ಸೂತ್ರ ಇದು:

ಕಾಂತಿಮಾನ = ಎಚ್ + 5 × ಲಾಗ್ (ಭೂಮಿಯಿಂದ ದೂರ) + 2.5 × ಎನ್ × ಲಾಗ್ (ಸೂರ್ಯನಿಂದ ದೂರ)

ದೂರಗಳು ಖಗೋಳಮಾನದಲ್ಲಿ, ಲಾಗ್ 10ರ ಆಧಾರದಲ್ಲಿ. ‘ಎಚ್’ ಎಂಬುದು ಆ ಧೂಮಕೇತುವಿನ ಸ್ವಂತ ಕಾಂತಿ. ‘ಎನ್’ ಎಂಬುದು ಸೂರ್ಯನ ಹತ್ತಿರ ಹೋದಂತೆ ಅದು ಎಷ್ಟು ಬೇಗ ಬೆಳಗುತ್ತದೆ ಎಂಬುದರ ಅಳತೆ. ಕಾಂತಿಮಾನದ ಅಂಕಿ ಇಳಿದಷ್ಟೂ ವಸ್ತು ಹೆಚ್ಚು ಬೆಳಗು. ಒಂದು ಅಂಕಿಗೆ ಸುಮಾರು 2.5 ಪಟ್ಟು.

ಈಗ ಒಂದು ಧೂಮಕೇತು ಸೂರ್ಯನಿಂದಲೂ ಭೂಮಿಯಿಂದಲೂ 5 ಖಗೋಳಮಾನ ದೂರದಲ್ಲಿ, 16ನೇ ಕಾಂತಿಮಾನದಲ್ಲಿ ಇದೆ ಎನ್ನೋಣ. ಮುಂದೆ ಅದು ಸೂರ್ಯನಿಂದ 0.4, ಭೂಮಿಯಿಂದ 0.6 ದೂರಕ್ಕೆ ಬರುತ್ತದೆ. ಭೂಮಿಗೆ ಹತ್ತಿರವಾದ ಲೆಕ್ಕದಲ್ಲಿ 4.6 ಅಂಕಿ ಇಳಿಯುತ್ತದೆ, ಇದರಲ್ಲಿ ಅನುಮಾನವಿಲ್ಲ. ಸೂರ್ಯನಿಗೆ ಹತ್ತಿರವಾದ ಲೆಕ್ಕ ಮಾತ್ರ ‘ಎನ್’ ಮೇಲೆ ನಿಂತಿದೆ. ಎನ್ = 4 ಆದರೆ ಇನ್ನೂ 11 ಅಂಕಿ ಇಳಿದು ಧೂಮಕೇತು 0.4ನೇ ಕಾಂತಿಮಾನಕ್ಕೆ ಬರುತ್ತದೆ. ಅದು ಆಕಾಶದ ಅತಿ ಹೊಳೆಯುವ ನಕ್ಷತ್ರಗಳ ಸಾಲು. ಎನ್ = 3 ಆದರೆ 3.2. ಎನ್ = 2.5 ಆದರೆ 4.5, ಅಂದರೆ ಕತ್ತಲ ಹಳ್ಳಿಯಲ್ಲೂ ಹುಡುಕಬೇಕಾದ ವಸ್ತು. ಮೊದಲನೆಯದಕ್ಕೂ ಕೊನೆಯದಕ್ಕೂ 40 ಪಟ್ಟಿಗಿಂತ ಹೆಚ್ಚು ವ್ಯತ್ಯಾಸ. ಇಂದಿನ ವೀಕ್ಷಣೆ ಮೂರಕ್ಕೂ ಒಂದೇ.

ಧೂಮಕೇತು, ಕ್ಷುದ್ರಗ್ರಹಗಳ ವೀಕ್ಷಣೆಗಳನ್ನು ಒಟ್ಟುಹಾಕುವ ಮೈನರ್ ಪ್ಲಾನೆಟ್ ಸೆಂಟರ್ ಕೊಡುವ ಕಕ್ಷೆಯ ಪಟ್ಟಿಯಲ್ಲಿ ಹೊಸ ಧೂಮಕೇತುಗಳಿಗೆ ಸಾಮಾನ್ಯವಾಗಿ ಎನ್ = 4 ಎಂದೇ ಇರುತ್ತದೆ. ಅದು ಅಳೆದ ಬೆಲೆಯಲ್ಲ, ರೂಢಿಯ ಬೆಲೆ. ಆ ಪಟ್ಟಿಯನ್ನು ತುಂಬಿಕೊಂಡ ಸ್ಟೆಲೇರಿಯಮ್ ಎಂಬ ಆಕಾಶನಕ್ಷೆಯ ತಂತ್ರಾಂಶ ತೋರಿಸುವ ಕಾಂತಿಮಾನವೂ ಅದೇ ರೂಢಿಯ ಮೇಲೆ ನಿಂತಿರುತ್ತದೆ. ಪರದೆಯ ಮೇಲೆ 0.4 ಎಂದು ಕಂಡ ತಕ್ಷಣ ಊರಿಗೆಲ್ಲ ಹೇಳಬೇಡಿ.

ಹಾಗಾದರೆ ‘ಎನ್’ ಎಷ್ಟಿರಬಹುದು ಎಂದು ಅಂದಾಜಿಸುವುದು ಹೇಗೆ? ಧೂಮಕೇತು ಮೊದಲ ಬಾರಿ ಬರುತ್ತಿದೆಯೋ ಹಿಂದೆ ಬಂದು ಹೋದದ್ದೋ ನೋಡಿ. ಸೌರಮಂಡಲದ ಹೊರ ಅಂಚಿನ ಊರ್ಟ್ ಮೋಡದಿಂದ ಮೊದಲ ಸಲ ಒಳಗೆ ಬರುವ ಉಂಡೆಯ ಮೇಲ್ಮೈಯಲ್ಲಿ ಕಾರ್ಬನ್ ಮಾನಾಕ್ಸೈಡ್, ಕಾರ್ಬನ್ ಡೈಆಕ್ಸೈಡ್‌ನಂಥ ಬೇಗ ಆವಿಯಾಗುವ ಮಂಜು ಹಾಗೇ ಉಳಿದಿರುತ್ತದೆ. ಅದು ಸೂರ್ಯನಿಂದ ಬಹು ದೂರದಲ್ಲೇ ಹಾರತೊಡಗಿ, ಧೂಮಕೇತು ತನ್ನ ಗಾತ್ರಕ್ಕೆ ಮೀರಿ ಬೆಳಗಿದಂತೆ ಕಾಣುತ್ತದೆ. ನಿಜವಾದ ಎಂಜಿನ್ ನೀರಿನ ಮಂಜು. ಅದು ಚುರುಕಾಗಿ ಆವಿಯಾಗಲು ಧೂಮಕೇತು 3 ಖಗೋಳಮಾನದ ಒಳಗೆ ಬರಬೇಕು. ಅಷ್ಟರಲ್ಲಿ ಮೇಲಿನ ಸರಕು ಮುಗಿದು ಬೆಳಗುವ ವೇಗ ತಗ್ಗುತ್ತದೆ. 1973ರಲ್ಲಿ ಕೊಹೌಟೆಕ್ ‘ಶತಮಾನದ ಧೂಮಕೇತು’ ಎನಿಸಿಕೊಂಡು ಜನರನ್ನು ನಿರಾಸೆಗೊಳಿಸಿದ್ದಕ್ಕೆ ಬಹುಮಟ್ಟಿಗೆ ಇದೇ ಕಾರಣ. ಅದು ಬರಿಗಣ್ಣಿಗೆ ಕಂಡಿತ್ತು. ಆದರೆ ಹೇಳಿದಷ್ಟು ಬೆಳಗಲಿಲ್ಲ.

2025ರ ಜನವರಿಯಲ್ಲಿ ಸಿಕ್ಕಿದ ಸಿ/2025 ಎ6 ಲೆಮನ್ ಇದರ ತಿರುಗುಮುರುಗು. ಅದರ ಕಕ್ಷೆಯ ಉತ್ಕೇಂದ್ರತೆ (ಕಕ್ಷೆ ಎಷ್ಟು ನೀಳವಾಗಿದೆ ಎಂಬುದರ ಅಳತೆ; 1 ಮುಟ್ಟಿದರೆ ಮತ್ತೆ ಮರಳದ ಕಕ್ಷೆ) 0.996ರ ಆಸುಪಾಸು, ಅಂದರೆ ಸಾವಿರದ ಚಿಲ್ಲರೆ ವರ್ಷಗಳಿಗೊಮ್ಮೆ ಬರುವ ಹಳೆಯ ಅತಿಥಿ. ಮೊದಲಿಗೆ ಅದರ ಮೇಲೆ ಯಾರೂ ಹೆಚ್ಚು ಆಸೆ ಇಟ್ಟಿರಲಿಲ್ಲ. ಅಕ್ಟೋಬರಿನಲ್ಲಿ 4ನೇ ಕಾಂತಿಮಾನದ ಹತ್ತಿರಕ್ಕೆ ಬಂದು, ದೀಪಾವಳಿಯ ಸಂಜೆಗಳಲ್ಲಿ ಬೈನಾಕ್ಯುಲರಿಗೆ ಒಳ್ಳೆಯ ನೋಟ ಕೊಟ್ಟಿತು. ಆದ್ದರಿಂದ ಕಕ್ಷೆಯ ಪಟ್ಟಿಯಲ್ಲಿ ಉತ್ಕೇಂದ್ರತೆಯನ್ನು ಮೊದಲು ನೋಡಿ. 1ಕ್ಕೆ ಅಂಟಿಕೊಂಡಿದ್ದರೆ ಅಥವಾ ಕೂದಲೆಳೆಯಷ್ಟು ಮೀರಿದ್ದರೆ ಹೊಸಬ ಎಂದು ಶಂಕಿಸಿ, ಎನ್ = 3 ಅಥವಾ ಅದಕ್ಕೂ ಕಡಿಮೆ ಹಾಕಿ ಲೆಕ್ಕ ಮಾಡಿ. ಲೆಮನ್‌ನದರಂತೆ 0.996 ಅಥವಾ ಅದಕ್ಕೂ ಕಡಿಮೆ ಇದ್ದರೆ 4 ಹಾಕಬಹುದು. ಒಂದು ಎಚ್ಚರಿಕೆ: ಪತ್ತೆಯಾದ ಮೊದಲ ಕೆಲವು ದಿನಗಳಲ್ಲಿ ವೀಕ್ಷಣೆ ಸಾಲದೆ ಉತ್ಕೇಂದ್ರತೆಯನ್ನು 1 ಎಂದೇ ಇಟ್ಟುಕೊಂಡು ಕಕ್ಷೆ ಹಾಕುವುದುಂಟು. ಆಗ ಸೂರ್ಯನಿಗೆ ಸಮೀಪ ಬರುವ ತಾರೀಖೂ ವಾರಗಟ್ಟಲೆ ಹಿಂದೆಮುಂದಾಗಬಹುದು. ಒಂದೆರಡು ತಿಂಗಳ ವೀಕ್ಷಣೆ ಸೇರುವವರೆಗೆ ರಜೆ ಹಾಕಬೇಡಿ, ಟಿಕೆಟ್ ಕಾಯ್ದಿರಿಸಬೇಡಿ.

ಒಡೆಯುವ ಪ್ರಶ್ನೆಗೆ ಅಮೆರಿಕದ ಹವ್ಯಾಸಿ ವೀಕ್ಷಕ ಜಾನ್ ಬಾರ್ಟಲ್ ಕೊಟ್ಟ ಒಂದು ಸರಳ ಗೆರೆ ಇದೆ: 7 + 6 × (ಸೂರ್ಯನಿಗೆ ಅತಿ ಸಮೀಪದ ದೂರ). ಎನ್ = 4 ಎಂದಿಟ್ಟು ಬಂದ ‘ಎಚ್’ ಈ ಅಂಕಿಗಿಂತ ದೊಡ್ಡದಿದ್ದರೆ, ಅಂದರೆ ಅದು ಇನ್ನೂ ಮಸುಕಾಗಿದ್ದರೆ, ಬಹುಪಾಲು ಧೂಮಕೇತುಗಳು ಉಳಿಯುವುದಿಲ್ಲ. 0.4 ದೂರಕ್ಕೆ ಬರುವುದಕ್ಕೆ ಗೆರೆ 9.4. ಮೇಲಿನ ಉದಾಹರಣೆಯದರ ‘ಎಚ್’ 5.5, ಆದ್ದರಿಂದ ಅದಕ್ಕೆ ಒಳ್ಳೆಯ ಅವಕಾಶವಿದೆ. ‘ಎಚ್’ ಗೆರೆಗಿಂತ ಚಿಕ್ಕದಿದ್ದವೆಲ್ಲ ಬದುಕುತ್ತವೆ ಎಂದಲ್ಲ. 2013ರ ಐಸಾನ್ ಧೂಮಕೇತು ಸೂರ್ಯನಿಂದ 0.0125 ಖಗೋಳಮಾನದಷ್ಟು ಹತ್ತಿರ ಹಾದು ನವೆಂಬರ್ 28ರಂದು ಚೂರಾಯಿತು. 2020ರ ಸಿ/2019 ವೈ4 ಅಟ್ಲಾಸ್ ಸೂರ್ಯನ ಸಮೀಪಕ್ಕೆ ಇನ್ನೂ ಎರಡು ತಿಂಗಳ ಪ್ರಯಾಣ ಬಾಕಿ ಇರುವಾಗಲೇ ಒಡೆಯಿತು. ಏಪ್ರಿಲಿನಲ್ಲಿ ಹಬಲ್ ದೂರದರ್ಶಕ ಸುಮಾರು 30 ತುಂಡುಗಳನ್ನು ಕಂಡಿತು. ಲಕ್ಷಣಗಳು ಮೊದಲೇ ತೋರುತ್ತವೆ. ಸೂರ್ಯನ ಕಡೆ ಸಾಗುತ್ತಿದ್ದರೂ ಬೆಳಗುವುದು ನಿಂತು ಕಾಂತಿಮಾನದ ಅಂಕಿ ಮತ್ತೆ ಏರತೊಡಗುತ್ತದೆ. ಕೋಮಾ, ಅಂದರೆ ತಲೆಯ ಸುತ್ತಲಿನ ಅನಿಲದ ಮುಸುಕು, ಉದ್ದುದ್ದವಾಗುತ್ತದೆ. ನಡುವಿನ ಗಟ್ಟಿ ಹೊಳಪು ಕರಗಿ ಎಲ್ಲ ಕಡೆ ಒಂದೇ ಮಸುಕಾಗುತ್ತದೆ. ಇವನ್ನು ಹಿಡಿಯಲು ಕಾಬ್ಸ್ ಎಂಬ ಧೂಮಕೇತು ವೀಕ್ಷಣೆಗಳ ಸಂಗ್ರಹದಲ್ಲಿ ಹವ್ಯಾಸಿಗಳು ಕಳಿಸಿದ ಕಾಂತಿಮಾನಗಳ ನಕ್ಷೆಯನ್ನು ವಾರಕ್ಕೊಮ್ಮೆ ನೋಡಿ. ಮುನ್ಸೂಚನೆಯ ಗೆರೆಗಿಂತ ಚುಕ್ಕೆಗಳು ಎಲ್ಲಿವೆ ಎಂಬುದೇ ಅತ್ಯಂತ ವಿಶ್ವಾಸದ ಸುದ್ದಿ. ನಾಸಾದ ಜೆಪಿಎಲ್ ಕೇಂದ್ರ ಕೊಡುವ, ಧೂಮಕೇತುವಿನ ಸ್ಥಾನ-ಕಾಂತಿಗಳ ಹೊರೈಜನ್ಸ್ ಪಟ್ಟಿ ನೋಡುವಾಗ ಒಟ್ಟು ಕಾಂತಿಮಾನವನ್ನೇ ನೋಡಿ. ಪಕ್ಕದಲ್ಲಿರುವ, ನಡುವಿನ ಗಟ್ಟಿ ಉಂಡೆಯಾದ ನ್ಯೂಕ್ಲಿಯಸ್‌ನ ಕಾಂತಿಮಾನ ಬಹಳ ಮಸುಕಾಗಿರುತ್ತದೆ. ಅದನ್ನು ಓದಿ ಹಲವರು ಸುಮ್ಮನೆ ಕೈಬಿಡುತ್ತಾರೆ.

ಇನ್ನು ‘ಶುಕ್ರನಷ್ಟು’ ಎಂಬ ಮಾತು. ಧೂಮಕೇತು ಭೂಮಿಗೂ ಸೂರ್ಯನಿಗೂ ನಡುವೆ ಬಂದಾಗ ಅದರ ದೂಳು ಹಿಂದಿನ ಬಿಸಿಲನ್ನು ನಮ್ಮ ಕಡೆಗೇ ಚದುರಿಸುತ್ತದೆ. ಬೆಳಗಿನ ಬಿಸಿಲಿಗೆ ಎದುರಾಗಿ ನಿಂತಾಗ ಬಸ್ಸು ಎಬ್ಬಿಸಿದ ದೂಳು ಫಳಫಳ ಹೊಳೆಯುವುದಿಲ್ಲವೆ, ಹಾಗೆ. ತ್ಸುಚಿನ್‌ಶಾನ್-ಅಟ್ಲಾಸ್ 2024ರ ಅಕ್ಟೋಬರ್ 9ರ ಸುಮಾರಿಗೆ ಹೀಗೆ ಶುಕ್ರನ ಮಟ್ಟಕ್ಕೆ, ಸುಮಾರು -4.9ಕ್ಕೆ ಏರಿತು. ಆಗ ಅದು ಸೂರ್ಯನಿಂದ ನಾಲ್ಕು ಡಿಗ್ರಿಯೊಳಗಿತ್ತು. ಹಗಲ ಬೆಳಕಿನಲ್ಲಿ ಮುಳುಗಿದ್ದ ಅದನ್ನು ಚೆನ್ನಾಗಿ ತೋರಿಸಿದ್ದು ಸೂರ್ಯನನ್ನು ಗಮನಿಸುವ ಸೋಹೊ ನೌಕೆಯ ಲಾಸ್ಕೊ ಕ್ಯಾಮೆರಾ. ಕತ್ತಲ ಆಕಾಶಕ್ಕೆ ಬರುವಷ್ಟರಲ್ಲಿ ಅದು ಶುಕ್ರನಿಗಿಂತ ತುಂಬ ಮಸುಕಾಗಿತ್ತು. ಗರಿಷ್ಠ ಕಾಂತಿಯ ದಿನವೂ ನೋಡಲು ಒಳ್ಳೆಯ ದಿನವೂ ಸಾಮಾನ್ಯವಾಗಿ ಬೇರೆ ಬೇರೆ. ನಿಮ್ಮ ಕ್ಯಾಲೆಂಡರಿನಲ್ಲಿ ಗುರುತು ಹಾಕಬೇಕಾದ್ದು ಎರಡನೆಯದನ್ನು.

ಒಳ್ಳೆಯ ದಿನವನ್ನು ಹುಡುಕಲು ಸೂರ್ಯನಿಂದ ಧೂಮಕೇತು ಎಷ್ಟು ಡಿಗ್ರಿ ದೂರದಲ್ಲಿದೆ ಎಂಬ ಅಂಕಿ ಬೇಕು. ನಮ್ಮ ಅಕ್ಷಾಂಶದಲ್ಲಿ ಸೂರ್ಯ ಬಹುತೇಕ ನೆಟ್ಟಗೆ ಏರಿ ನೆಟ್ಟಗೆ ಇಳಿಯುತ್ತಾನೆ. ಇದು ನಮಗಿರುವ ದೊಡ್ಡ ಅನುಕೂಲ. ತುಮಕೂರಿನಲ್ಲಿ ಸೂರ್ಯೋದಯಕ್ಕೆ ಸುಮಾರು 70 ನಿಮಿಷ ಮೊದಲು ಸೂರ್ಯ ದಿಗಂತದಿಂದ 18 ಡಿಗ್ರಿ ಕೆಳಗಿರುತ್ತಾನೆ. ಅಲ್ಲಿಯವರೆಗೆ ಪೂರ್ಣ ಕತ್ತಲು. 46 ನಿಮಿಷ ಮೊದಲು 12 ಡಿಗ್ರಿ, 21 ನಿಮಿಷ ಮೊದಲು 6 ಡಿಗ್ರಿ. ಧೂಮಕೇತು ಸೂರ್ಯನಿಗೆ ನೇರ ಮೇಲಿದ್ದರೆ ಲೆಕ್ಕ ಸುಲಭ: ಸೂರ್ಯನಿಂದ 22 ಡಿಗ್ರಿ ದೂರದ್ದು, ಸೂರ್ಯ 12 ಡಿಗ್ರಿ ಕೆಳಗಿರುವಾಗ ದಿಗಂತದಿಂದ 10 ಡಿಗ್ರಿ ಮೇಲಿರುತ್ತದೆ. ಚಾಚಿದ ಕೈಯ ಒಂದು ಮುಷ್ಟಿಯ ಅಗಲ ಅದು. ಓರೆಯಾಗಿದ್ದರೆ ಇನ್ನೂ ಕಡಿಮೆ. ನೋಡಲು ಸಿಗುವ ಕಿಟಕಿ ಅಲ್ಲಿಂದ 20-25 ನಿಮಿಷ. ಆಮೇಲೆ ಬೆಳಕು ಹರಿದು ಧೂಮಕೇತು ಎಷ್ಟೇ ಮೇಲೇರಿದರೂ ಕಾಣಿಸುವುದಿಲ್ಲ. ‘ಸೂರ್ಯೋದಯಕ್ಕೆ ಮುಂಚೆ’ ಎಂದು ಸುಮ್ಮನೆ ಐದೂವರೆಗೆ ಎದ್ದು ಹೊರಟವರು ಆ ಕಿಟಕಿಯನ್ನು ದಾರಿಯಲ್ಲೇ ಕಳೆಯುತ್ತಾರೆ.

ದಿಗಂತದ ಹತ್ತಿರ ಗಾಳಿಯೇ ಬೆಳಕನ್ನು ತಿನ್ನುತ್ತದೆ. ಆಕಾಶ ಸ್ವಚ್ಛವಿದ್ದರೂ 20 ಡಿಗ್ರಿ ಎತ್ತರದಲ್ಲಿ ನಡುನೆತ್ತಿಗಿಂತ ಅರ್ಧ ಕಾಂತಿಮಾನ, 10 ಡಿಗ್ರಿಯಲ್ಲಿ ಒಂದಕ್ಕಿಂತ ಸ್ವಲ್ಪ ಹೆಚ್ಚು, 5 ಡಿಗ್ರಿಯಲ್ಲಿ ಎರಡಕ್ಕಿಂತ ಹೆಚ್ಚು ನಷ್ಟ. ಅಂದರೆ 2ನೇ ಕಾಂತಿಮಾನದ ಧೂಮಕೇತು 5 ಡಿಗ್ರಿ ಎತ್ತರದಲ್ಲಿ 4ನೆಯದಕ್ಕಿಂತ ಮಸುಕು. ದೂಳು, ಹೊಗೆ, ಕಡಲ ತೇವ ಇದ್ದರೆ ಇನ್ನೂ ಕೆಟ್ಟದು. ಕರಾವಳಿಯವರಿಗೆ ಸಂಜೆಯ ಧೂಮಕೇತುವಿಗೆ ಅಡ್ಡಿಯಿಲ್ಲದ ಪಶ್ಚಿಮ ದಿಗಂತ ಸಿಗುತ್ತದೆ, ಆದರೆ ಕೆಳಗಿನ ಐದು ಡಿಗ್ರಿಯನ್ನು ತೇವವೇ ನುಂಗಿಬಿಡುತ್ತದೆ.

ಇನ್ನೊಂದು ಮೋಸ ‘6ನೇ ಕಾಂತಿಮಾನದವರೆಗೆ ಬರಿಗಣ್ಣಿಗೆ ಕಾಣುತ್ತದೆ’ ಎಂಬ ಮಾತಿನಲ್ಲಿದೆ. ನಕ್ಷತ್ರಕ್ಕೆ ಅದು ಸರಿ, ಏಕೆಂದರೆ ಅದರ ಬೆಳಕೆಲ್ಲ ಒಂದು ಚುಕ್ಕೆಯಲ್ಲಿದೆ. ಧೂಮಕೇತುವಿನದು ಹರಡಿದ ಬೆಳಕು. 5ನೇ ಕಾಂತಿಮಾನದ ಒಟ್ಟು ಬೆಳಕು 20 ಕೋನನಿಮಿಷ (ಡಿಗ್ರಿಯ ಮೂರನೇ ಒಂದು) ಅಗಲದ ಕೋಮಾಕ್ಕೆ ಹರಡಿದರೆ ಚದರ ಕೋನಸೆಕೆಂಡಿಗೆ ಸುಮಾರು 20ನೇ ಕಾಂತಿಮಾನ ಬರುತ್ತದೆ. ಒಳ್ಳೆಯ ಕತ್ತಲ ಆಕಾಶ ತಾನೇ 21.5ರ ಹತ್ತಿರ, ಆದ್ದರಿಂದ ಧೂಮಕೇತು ಅಲ್ಲಿ ಹಿನ್ನೆಲೆಗಿಂತ ಮೂರು ಪಟ್ಟಿಗೂ ಹೆಚ್ಚು ಬೆಳಗು. ದೊಡ್ಡ ನಗರದ ನಡುವಿನ ಆಕಾಶ 18ರ ಆಸುಪಾಸು. ಅಲ್ಲಿ ಅದೇ ಧೂಮಕೇತು ಹಿನ್ನೆಲೆಯ ಆರು-ಏಳನೇ ಒಂದು ಪಾಲು ಮಾತ್ರ. ಎಷ್ಟು ದೊಡ್ಡ ಟೆಲಿಸ್ಕೋಪ್ ತಂದರೂ ಈ ಅನುಪಾತ ಬದಲಾಗದು. ಉಪಕರಣಕ್ಕೆ ಹಾಕುವ ದುಡ್ಡನ್ನು ಪೆಟ್ರೋಲಿಗೆ ಹಾಕಿ ಎಂದು ನಾವು ಹೇಳುವುದು ಇದಕ್ಕೇ.

ಪರೀಕ್ಷೆಗೆ ಆಂಡ್ರೊಮಿಡಾ ಗೆಲಾಕ್ಸಿ ಇದೆ. ಅದರ ಕಾಂತಿಮಾನ 3.4, ಅದೂ ಹರಡಿದ ಬೆಳಕೇ. ಅಕ್ಟೋಬರ್-ನವೆಂಬರಿನ ರಾತ್ರಿ, ನೀವು ಆರಿಸಿದ ಜಾಗದಲ್ಲಿ ಅದು ಬರಿಗಣ್ಣಿಗೆ ಕಾಣದಿದ್ದರೆ, 4ನೇ ಕಾಂತಿಮಾನದ ಧೂಮಕೇತುವನ್ನೂ ಅಲ್ಲಿಂದ ನಿರೀಕ್ಷಿಸಬೇಡಿ. ದಿಗಂತದ ಪರೀಕ್ಷೆಗೆ ಬುಧ. ಅವನೂ ಸೂರ್ಯನಿಂದ 18ರಿಂದ 28 ಡಿಗ್ರಿಯೊಳಗೇ ಗರಿಷ್ಠ ದೂರ ಹೋಗುವವನು. ಧೂಮಕೇತು ಬರುವ ಮೊದಲು ಬುಧ ಚೆನ್ನಾಗಿ ಕಾಣುವ ಒಂದು ಮುಂಜಾವು ಅಥವಾ ಸಂಜೆ ಅದೇ ಜಾಗಕ್ಕೆ ಹೋಗಿ ಅವನನ್ನು ಹುಡುಕಿ. ಯಾವ ತೆಂಗಿನ ತೋಟ ಅಡ್ಡ ಬರುತ್ತದೆ, ಯಾವ ಮೊಬೈಲ್ ಟವರಿನ ದೀಪ ಕಣ್ಣಿಗೆ ಹೊಡೆಯುತ್ತದೆ ಎಂಬುದೆಲ್ಲ ಒಂದೇ ಭೇಟಿಯಲ್ಲಿ ಗೊತ್ತಾಗುತ್ತದೆ.

ಜಾಗದ ಆಯ್ಕೆಯಲ್ಲಿ ಊರಿನ ಬೆಳಕು ಬೆನ್ನ ಹಿಂದೆ ಇರಬೇಕು. ಸಂಜೆಯ ಪಶ್ಚಿಮದ ಧೂಮಕೇತುವಿಗೆ ನೀವು ಗುಬ್ಬಿ, ಚಿಕ್ಕನಾಯಕನಹಳ್ಳಿ ಕಡೆ ಹೋಗಿ; ತುಮಕೂರು ಹಿಂದೆ ಉಳಿಯುತ್ತದೆ. ಬೆಳಗಿನ ಪೂರ್ವದ್ದಕ್ಕೆ ಆಗ್ನೇಯದಲ್ಲಿ ಬೆಂಗಳೂರಿನ ಬೆಳಕು ಏಳುವುದರಿಂದ ಉತ್ತರಕ್ಕೆ, ಮಧುಗಿರಿ ದಾಟಿ ಪಾವಗಡದ ಬಯಲಿನ ಕಡೆ ಸರಿಯುವುದು ವಾಸಿ. ಕೆರೆಯಂಗಳ, ತಗ್ಗು ಗದ್ದೆ ಬೇಡ. ಮಳೆ ಹಿಂದೆಗೆದ ಮೇಲೆ ನಸುಕಿನಲ್ಲಿ ಇಬ್ಬನಿ ಮೊದಲು ಕೂರುವುದು ಅಲ್ಲೇ. ಬೆಟ್ಟದ ತುದಿಯೂ ಮೋಡದಲ್ಲಿ ಮುಳುಗಬಹುದು, ಗೇಟು ತಡವಾಗಿ ತೆರೆಯಬಹುದು. ಊರಾಚೆಯ ಒಂದು ದಿಬ್ಬ ಸಾಕು. ಜಮೀನಿನವರನ್ನು ಮೊದಲೇ ಕೇಳಿಡಿ. ಅಕ್ಟೋಬರ್ ಮಧ್ಯವಾದರೆ ಹಿಂಗಾರಿನ ಮೋಡದ ಲೆಕ್ಕವೂ ಇರಲಿ. 2024ರಲ್ಲಿ ಸಂಜೆಯ ಧೂಮಕೇತು ಬಂದ ವಾರಗಳಲ್ಲೇ ಬೆಂಗಳೂರಿನ ಕಡೆ ಭಾರಿ ಮಳೆ. ಒಂದೇ ದಿನವನ್ನು ನೆಚ್ಚದೆ, ಹತ್ತು ದಿನ ಕಾದಿರಿಸಿಕೊಳ್ಳಿ.

ಚಂದ್ರನನ್ನು ಮರೆಯಬೇಡಿ. 2024ರ ಅಕ್ಟೋಬರ್ 17 ಹುಣ್ಣಿಮೆ. ಸಂಜೆಯ ಆಕಾಶಕ್ಕೆ ಧೂಮಕೇತು ಬಂದ ಮೊದಲ ವಾರವೆಲ್ಲ ಬೆಳದಿಂಗಳು. ಹುಣ್ಣಿಮೆ ಕಳೆದು ಎರಡು ಮೂರು ದಿನಕ್ಕೆ ಚಂದ್ರೋದಯ ತಡವಾಗಿ, ಕತ್ತಲಾದ ಮೇಲೆ ಒಂದೆರಡು ಗಂಟೆ ಬಿಡುವು ಸಿಗುತ್ತದೆ. ಧೂಮಕೇತು ಅಷ್ಟರಲ್ಲಿ ಮಸುಕಾಗಿದ್ದರೂ ಉದ್ದ ಬಾಲ ಚೆನ್ನಾಗಿ ಕಾಣುವುದು ಆ ಬಿಡುವಿನಲ್ಲೇ. ಪಂಚಾಂಗದ ತಿಥಿ ನೋಡಿದರೆ ಸಾಕು: ಬೆಳಗಿನ ಧೂಮಕೇತುವಿಗೆ ಶುಕ್ಲಪಕ್ಷದ ಮೊದಲರ್ಧ, ಸಂಜೆಯದಕ್ಕೆ ಬಹುಳ ತದಿಗೆಯ ನಂತರ ಅಮಾವಾಸ್ಯೆಯವರೆಗೆ. ದೀಪಾವಳಿಯ ಅಮಾವಾಸ್ಯೆಗೆ ಚಂದ್ರನಿಲ್ಲ, ಆದರೆ ಪಟಾಕಿಯ ಹೊಗೆ ಇದೆ.

ತಾರೀಖು ಓದುವಾಗಲೂ ಜಾಗ್ರತೆ. ಪಟ್ಟಿಗಳು ವಿಶ್ವಕಾಲದಲ್ಲಿ, ಅಂದರೆ ಗ್ರೀನಿಚ್ ಸಮಯದಲ್ಲಿ ಇರುತ್ತವೆ, ದಿನದ ಭಾಗವನ್ನು ದಶಾಂಶದಲ್ಲಿ ಬರೆಯುತ್ತಾರೆ. ‘28.9’ ಎಂದರೆ 28ರ ರಾತ್ರಿ 21:36. ಐದೂವರೆ ಗಂಟೆ ಸೇರಿಸಿದರೆ ನಮಗೆ 29ರ ಬೆಳಗಿನ ಜಾವ 3:06. ಇಲ್ಲಿ ಒಂದು ದಿನ ತಪ್ಪಿದರೆ ಭೂಮಿಗೆ ಹತ್ತಿರವಿರುವ ಧೂಮಕೇತು ಹಲವು ಡಿಗ್ರಿ ಸರಿದುಹೋಗಿರುತ್ತದೆ. ಸ್ಟೆಲೇರಿಯಮ್‌ನಲ್ಲಿ ಅದನ್ನು ತರಲು ಎಫ್2 ಒತ್ತಿ, ಪ್ಲಗಿನ್‌ಗಳಲ್ಲಿ ಸೋಲಾರ್ ಸಿಸ್ಟಮ್ ಎಡಿಟರ್ ಚಾಲೂ ಮಾಡಿ, ತಂತ್ರಾಂಶ ಮುಚ್ಚಿ ತೆರೆಯಿರಿ. ನಂತರ ಅದರ ಕಾನ್ಫಿಗರ್ ಗುಂಡಿಯಿಂದ ಮೈನರ್ ಪ್ಲಾನೆಟ್ ಸೆಂಟರಿನ ಧೂಮಕೇತು ಪಟ್ಟಿಯನ್ನು ಆಮದು ಮಾಡಿ. ತಿಂಗಳಿಗೊಮ್ಮೆ ಮತ್ತೆ ಆಮದು ಮಾಡಬೇಕು. ಹಳೆಯ ಕಕ್ಷೆ ಹಾಗೇ ಉಳಿದರೆ ಸ್ಥಾನ ತಪ್ಪುತ್ತದೆ. ಜಾಗವನ್ನು ನಿಮ್ಮ ವೀಕ್ಷಣೆಯ ದಿಬ್ಬಕ್ಕೇ ಹೊಂದಿಸಿ, ಧೂಮಕೇತುವಿನ ಆಸುಪಾಸಿನ ಎರಡು ಹೊಳೆಯುವ ನಕ್ಷತ್ರಗಳಿಂದ ಎಷ್ಟು ಮುಷ್ಟಿ, ಎಷ್ಟು ಬೆರಳು ದೂರ ಎಂದು ಕಾಗದದಲ್ಲಿ ಬರೆದುಕೊಳ್ಳಿ. ಚಾಚಿದ ಕೈಯ ಕಿರುಬೆರಳು ಒಂದು ಡಿಗ್ರಿ. ಕತ್ತಲಲ್ಲಿ ಮೊಬೈಲ್ ನೋಡುತ್ತಾ ಹುಡುಕಿದರೆ ಇಪ್ಪತ್ತು-ಮೂವತ್ತು ನಿಮಿಷ ಕತ್ತಲಿಗೆ ಹೊಂದಿಕೊಂಡ ಕಣ್ಣು ಒಂದೇ ಕ್ಷಣದಲ್ಲಿ ಹಾಳು. ನೋಡಲೇಬೇಕಾದರೆ ಪರದೆಗೆ ಕೆಂಪು ಜಿಲೇಟಿನ್ ಕಾಗದ ಎರಡು ಪದರ ಅಂಟಿಸಿ.

ನಿಮ್ಮ 10×50 ಈ ಕೆಲಸಕ್ಕೆ ಚೆನ್ನಾಗಿ ಒಪ್ಪುತ್ತದೆ. ಸುಮಾರು ಆರೂವರೆ ಡಿಗ್ರಿ ಅಗಲದ ನೋಟ, ಕಣ್ಣಿಗೆ ಬರುವ ಬೆಳಕಿನ ಕಂತೆ 5 ಮಿಲಿಮೀಟರ್. ಸದ್ಯಕ್ಕೆ ಟೆಲಿಸ್ಕೋಪ್ ಬೇಡ; ಉದ್ದ ಬಾಲದ ಧೂಮಕೇತು ಅದರ ಕಿರಿದಾದ ನೋಟದಲ್ಲಿ ಹಿಡಿಸುವುದೇ ಇಲ್ಲ. ಬದಲಿಗೆ ಬೈನಾಕ್ಯುಲರನ್ನು ಟ್ರೈಪಾಡಿಗೆ ಕೂರಿಸುವ ಎಲ್ ಆಕಾರದ ಅಡಾಪ್ಟರ್ ತಂದುಕೊಳ್ಳಿ. ಕೈ ನಡುಕ ನಿಂತರೆ ಇನ್ನೂ ಮಸುಕಾದದ್ದು ಕಾಣುತ್ತದೆ. ಮೊದಲು ಒಂದು ನಕ್ಷತ್ರಕ್ಕೆ ಫೋಕಸ್ ಮಾಡಿ ಚಕ್ರಕ್ಕೆ ಟೇಪು ಅಂಟಿಸಿಬಿಡಿ. ಫೋಕಸ್ ಸರಿಯಾಗಿದ್ದೂ ನಕ್ಷತ್ರ ಎರಡಾಗಿ ಕಂಡರೆ ಒಳಗಿನ ಪ್ರಿಸಂ ಜರುಗಿದೆ. ಹೊತ್ತಿಗೆ ಮೊದಲೇ ರಿಪೇರಿ ಮಾಡಿಸಿ. ಹುಡುಕುವಾಗ ಕಣ್ಣನ್ನು ನೇರ ಇಡದೆ ಸ್ವಲ್ಪ ಪಕ್ಕಕ್ಕೆ ನೋಡಿ, ಬೈನಾಕ್ಯುಲರನ್ನು ಮೆಲ್ಲಗೆ ತಟ್ಟಿ. ಅಲುಗಾಡುವ ಮಸುಕು ಕಣ್ಣಿಗೆ ಬೇಗ ಸಿಗುತ್ತದೆ. ಸೂರ್ಯೋದಯಕ್ಕೆ 10 ನಿಮಿಷ ಇರುವಾಗಲೇ ಬೈನಾಕ್ಯುಲರ್ ಕೆಳಗಿಡಿ. ಸಂಜೆ ಸೂರ್ಯ ಪೂರ್ತಿ ಮುಳುಗುವವರೆಗೆ ಎತ್ತಲೇಬೇಡಿ. ಸೂರ್ಯನ ಅಂಚು ಒಂದು ಕ್ಷಣ ನೋಟದೊಳಗೆ ಬಂದರೂ ಕಣ್ಣು ಹೋಗುತ್ತದೆ. ಮಕ್ಕಳು ಜೊತೆಗಿದ್ದರೆ ಇದನ್ನು ಅವರಿಗೆ ಬಿಡದೆ ನೀವೇ ನೋಡಿಕೊಳ್ಳಿ.

ಡಿಎಸ್‌ಎಲ್‌ಆರ್‌ಗೆ 50 ಮಿಲಿಮೀಟರ್ ಲೆನ್ಸ್, ರಂಧ್ರ ಎಫ್/2ರ ಸುತ್ತ, ಐಎಸ್‌ಒ 1600, ಪೂರ್ಣ ಕತ್ತಲಲ್ಲಿ 6 ಸೆಕೆಂಡಿನ ಚಿತ್ರಗಳು. ಅದಕ್ಕಿಂತ ಹೆಚ್ಚು ತೆರೆದರೆ ನಕ್ಷತ್ರ ಗೆರೆಯಾಗುತ್ತದೆ. 85 ಮಿಲಿಮೀಟರಿಗೆ 3-4 ಸೆಕೆಂಡ್. ಬೆಳಕು ಹರಿಯತೊಡಗಿದ ಮೇಲೆ ಅಷ್ಟೇ ಅವಧಿ ತೆರೆದರೆ ಚಿತ್ರ ಬಿಳುಚುತ್ತದೆ. ಎರಡು ನಿಮಿಷಕ್ಕೊಮ್ಮೆ ಅವಧಿ ತಗ್ಗಿಸುತ್ತಾ ಹೋಗಿ. ಆಟೋಫೋಕಸ್ ಆರಿಸಿ, ಲೈವ್ ವ್ಯೂನಲ್ಲಿ ಒಂದು ನಕ್ಷತ್ರವನ್ನು ಹಿಗ್ಗಿಸಿ ಕೈಯಲ್ಲೇ ಫೋಕಸ್ ಮಾಡಿ. ರಾ ರೂಪದಲ್ಲಿ 50-60 ಚಿತ್ರ ತೆಗೆದರೆ ಆಮೇಲೆ ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸುವ ತಂತ್ರಾಂಶಗಳಾದ ಸಿರಿಲ್ ಅಥವಾ ಡೀಪ್‌ಸ್ಕೈಸ್ಟ್ಯಾಕರ್‌ನಲ್ಲಿ ಪೇರಿಸಬಹುದು. ನೆನಪಿಡಿ, ದಿನಕ್ಕೆ 3 ಡಿಗ್ರಿ ಸರಿಯುವ ಧೂಮಕೇತು ನಿಮಿಷಕ್ಕೆ 7.5 ಕೋನಸೆಕೆಂಡ್ ಜರುಗುತ್ತದೆ. ಆದ್ದರಿಂದ ಒಮ್ಮೆ ನಕ್ಷತ್ರಗಳಿಗೆ, ಇನ್ನೊಮ್ಮೆ ಧೂಮಕೇತುವಿನ ತಲೆಗೆ ಹೊಂದಿಸಿ ಬೇರೆ ಬೇರೆ ಪೇರಿಸಬೇಕು. ಲೆನ್ಸಿಗೆ ಇಬ್ಬನಿ ಕೂತರೆ ಬಟ್ಟೆಯಿಂದ ಒರೆಸಬೇಡಿ. ಹುಡ್ ಹಾಕಿಡಿ, ಕೂತದ್ದನ್ನು ಬೆಚ್ಚನೆ ಗಾಳಿಯಿಂದ ಒಣಗಿಸಿ.

ಕೊನೆಗೆ ಒಂದು ಕೋರಿಕೆ: ನೋಡಿದ್ದನ್ನು ಅಳೆದು ಬರೆಯಿರಿ. ಫೋಕಸ್ ಸರಿಯಿರುವಾಗ ಕೋಮಾದ ಸರಾಸರಿ ಹೊಳಪನ್ನೂ ಅಗಲವನ್ನೂ ಮನಸ್ಸಿನಲ್ಲಿಟ್ಟುಕೊಳ್ಳಿ. ಆಮೇಲೆ ಅದೇ ಎತ್ತರದಲ್ಲಿರುವ ಒಂದು ನಕ್ಷತ್ರವನ್ನು ಅಷ್ಟೇ ಅಗಲದ ಬಿಲ್ಲೆಯಾಗುವವರೆಗೆ ಫೋಕಸ್ ಕೆಡಿಸಿ ಹೋಲಿಸಿ. (ಈ ಕೆಲಸದ ದಿನ ಮಾತ್ರ ಚಕ್ರದ ಟೇಪು ತೆಗೆದಿರಿ.) ಧೂಮಕೇತುವಿಗಿಂತ ಬೆಳಗಿದ್ದೊಂದು, ಮಸುಕಾದದ್ದೊಂದು ನಕ್ಷತ್ರ ಸಿಕ್ಕಿದರೆ ನಡುವಿನ ಬೆಲೆಯನ್ನು ಹತ್ತನೇ ಒಂದರವರೆಗೆ ಅಂದಾಜಿಸಬಹುದು. ಇದು ಸಿಜ್‌ವಿಕ್ ವಿಧಾನ. ವಿಶ್ವಕಾಲದಲ್ಲಿ ಹೊತ್ತು, ವಿಧಾನ, ಕಾಂತಿಮಾನ, ಉಪಕರಣ, ಕೋಮಾದ ಅಗಲ ಕೋನನಿಮಿಷದಲ್ಲಿ, ನಡುವಿನ ಗಟ್ಟಿತನ 0ಯಿಂದ 9ರ ಅಳತೆಯಲ್ಲಿ, ಬಾಲದ ಉದ್ದ ಡಿಗ್ರಿಯಲ್ಲಿ, ಇಷ್ಟು ಬರೆದು ಕಾಬ್ಸ್‌ಗೆ ಕಳಿಸಿ. ಯುರೋಪಿನಂಥ ಉತ್ತರದ ನಾಡುಗಳಲ್ಲಿ ಸಂಧ್ಯೆಯ ಬೆಳಕು ಗಂಟೆಗಟ್ಟಲೆ ಉಳಿಯುವುದರಿಂದ ಸೂರ್ಯನ ಹತ್ತಿರದ ಧೂಮಕೇತು ಎಷ್ಟೋ ದಿನ ಅಲ್ಲಿಯವರಿಗೆ ಕಾಣುವುದಿಲ್ಲ. ಆ ದಿನಗಳಲ್ಲಿ ನಮ್ಮ ಅಕ್ಷಾಂಶದಿಂದ ಹೋದ ಒಂದೊಂದು ಅಂಕಿಯೂ ನಕ್ಷೆಯ ಖಾಲಿ ಜಾಗದಲ್ಲಿ ಕೂರುತ್ತದೆ.